ಹಸಿರು ಹರಳಿನೊಳಗಿನ ಲೋಹ

ಸುಮಾರು ಮೂವತ್ತು ವರ್ಷ ನಾನು ಲೋಹದ ಸಂಕೀರ್ಣಗಳ ಮೇಲೆ ಕೆಲಸ ಮಾಡಿದ್ದೇನೆ. ನಡುವೆ ಒಂದು ಲೋಹದ ಪರಮಾಣು, ಅದನ್ನು ಸುತ್ತಲಿಂದ ಹಿಡಿದು ನಿಂತ ನಾಲ್ಕೋ ಐದೋ ಆರೋ ಕೊಂಡಿಗಳು. ಇದಕ್ಕೆ ಸಂಕೀರ್ಣ ಎನ್ನುತ್ತಾರೆ. ರಕ್ತದ ಕೆಂಪು, ಎಲೆಯ ಹಸಿರು ಇಂಥವುಗಳಿಂದಲೇ ಬರುತ್ತವೆ. ನನ್ನ ಲೋಹ ಕೋಬಾಲ್ಟ್. ಮದುವೆಯ ಮಾತು ಎತ್ತಿ ಎತ್ತಿ ಸೋತ ಅವ್ವ ಕೊನೆಗೆ, "ನಿನಗ ಗಂಡ ಬ್ಯಾಡ ಬಿಡವಾ, ಬಾಟ್ಲಿ ಸಾಕು" ಎಂದಿದ್ದಳು. ಆಮೇಲೆ ಆ ಮಾತು ಎತ್ತಲಿಲ್ಲ.

ಅಪ್ಪ ವಿಜಯಪುರದ ಕಡೆಯವರು. ಕೇಂದ್ರ ಸರ್ಕಾರದ ರಕ್ಷಣಾ ಘಟಕವೊಂದರಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದರು. ನಾನು ಹುಟ್ಟಿದ್ದು ಇಲ್ಲೇ. ಹೊಸ್ತಿಲು ದಾಟಿದರೆ ತೆಲುಗು, ಬಜಾರಿನಲ್ಲಿ ಹಿಂದಿ, ಪ್ರಯೋಗಾಲಯದಲ್ಲಿ ಇಂಗ್ಲಿಷ್. ಕನ್ನಡ ಅಡುಗೆಮನೆಯಲ್ಲಿತ್ತು. ಅವ್ವ ಹೋದ ಮೇಲೆ ಕೂಕಟ್‌ಪಲ್ಲಿಯ ನಾಲ್ಕನೇ ಮಹಡಿಯ ಆ ಮನೆಯಲ್ಲಿ ಅದೂ ನಿಂತಿತು. ಬೆಳಿಗ್ಗೆ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ, ಬೇಗಂಪೇಟೆ ದಾಟಿ ಸಂಸ್ಥೆ ಸೇರುವವರೆಗೆ ನಾನು ಬಾಯಿ ತೆರೆಯದ ದಿನಗಳೇ ಹೆಚ್ಚು. ಇದನ್ನು ದೂರು ಎಂದು ಹೇಳುತ್ತಿಲ್ಲ. ಹೀಗಿತ್ತು ಎಂದು ಬರೆಯುತ್ತಿದ್ದೇನೆ.

ನನ್ನ ಕ್ಷೇತ್ರದಲ್ಲಿ ನನ್ನನ್ನು ಗುರುತಿಸುತ್ತಿದ್ದದ್ದು ಒಂದೇ ಪ್ರಬಂಧದಿಂದ. ಅದು ಪ್ರಕಟವಾಗಿ ಆಗ ಹನ್ನೆರಡು ವರ್ಷವಾಗಿತ್ತು. ಕೋಬಾಲ್ಟ್ ಸಾಮಾನ್ಯವಾಗಿ ಒಪ್ಪದ ಒಂದು ಆಕಾರದಲ್ಲಿ ಅದನ್ನು ಕೂರಿಸಿದ್ದೇನೆ ಎಂಬುದು ಅದರ ಸಾರ. ಸಾಕ್ಷಿಯಾಗಿ ಕಡು ಹಸಿರು ಹರಳುಗಳಿದ್ದವು. ಸೀಸೆಯ ತಳದಲ್ಲಿ ಗುಲಾಬಿ ಪುಡಿ ಬಹಳಷ್ಟು ಬೀಳುತ್ತಿತ್ತು. ಅದರ ನಡುವೆ ಹತ್ತೋ ಹನ್ನೆರಡೋ ಹಸಿರು ಹರಳು. ಅಂಚು ಚೂಪು, ಮುಖ ನುಣುಪು. ಸೂಕ್ಷ್ಮದರ್ಶಕದಲ್ಲಿ ನೋಡಿ, ಎಲ್ಲಕ್ಕಿಂತ ಚೆಂದದ ಒಂದನ್ನು ಆರಿಸಿ, ಎಕ್ಸ್-ಕಿರಣದ ಯಂತ್ರಕ್ಕೆ ಕೊಟ್ಟೆ. ಹರಳಿನೊಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಎಂದು ಆ ಯಂತ್ರ ಚಿತ್ರ ಬರೆದು ತೋರಿಸುತ್ತದೆ. ಚಿತ್ರ ಬಂತು. ಉಳಿದ ಪರೀಕ್ಷೆಗಳಿಗೆಲ್ಲ ಸಾಮಗ್ರಿ ಹೆಚ್ಚು ಬೇಕು. ಅವನ್ನು ಪುಡಿಯ ಮೇಲೆ ಮಾಡಿದೆ. ಪುಡಿ ಕೋಬಾಲ್ಟ್ ಎಂದಿತು. ಹರಳೂ ಅದೇ ಸೀಸೆಯದು. ನಾನು ಸಂಶಯಪಡಲಿಲ್ಲ. ಪ್ರಬಂಧವನ್ನು ಪರಿಶೀಲಿಸಿದ ಮೂವರೂ ಕೇಳಲಿಲ್ಲ.

ಆ ಹಸಿರು ಹರಳನ್ನು ಹೆಚ್ಚು ಪ್ರಮಾಣದಲ್ಲಿ ಮಾಡಿ, ಅದು ಆಮ್ಲಜನಕವನ್ನು ಹಿಡಿಯುತ್ತದೆಯೇ ಎಂದು ನೋಡುವುದು ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿನಿಯ ಡಾಕ್ಟರೇಟ್ ವಿಷಯವಾಗಿತ್ತು. ಅವಳು ವರಂಗಲ್‌ನವಳು. ಮೂವತ್ತು ದಾಟಿತ್ತು. ಗಂಡ, ನಾಲ್ಕು ವರ್ಷದ ಮಗಳ ಜೊತೆ ಕೊಂಡಾಪುರದಲ್ಲಿದ್ದಳು. ನಾವಿಬ್ಬರೂ ಮಾತಾಡುತ್ತಿದ್ದದ್ದು ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಹದಿನೈದು ತಿಂಗಳಲ್ಲಿ ಅವಳು ನಲವತ್ತೊಂದು ಸಲ ಪ್ರಯತ್ನಿಸಿದಳು. ನಲವತ್ತೊಂದು ಸಲವೂ ಗುಲಾಬಿ ಪುಡಿ. ಒಂದೇ ಒಂದು ಹಸಿರು ಹರಳು ಬರಲಿಲ್ಲ.

ನನ್ನ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ಗಾಳಿ ತಾಕದಂತೆ ಒಂದು ಸೀಸೆಯಿಂದ ಇನ್ನೊಂದಕ್ಕೆ ದ್ರಾವಣ ಇಳಿಸಲು ಮೊಳದುದ್ದದ, ಟೊಳ್ಳಾದ ಉಕ್ಕಿನ ಸೂಜಿ ಬಳಸುತ್ತಿದ್ದೆವು. ಇಳಿಯುವುದು ನಿಧಾನವಾದಷ್ಟೂ ಹರಳು ಚೆಂದ ಎಂದು ನನ್ನ ಗುರುಗಳು ಹೇಳಿಕೊಟ್ಟಿದ್ದರು. ಹಾಗಾಗಿ ಸೂಜಿಯನ್ನು ಒಂದೊಂದು ಸಲ ಇಡೀ ದಿನ ದ್ರಾವಣದಲ್ಲೇ ಬಿಡುತ್ತಿದ್ದೆ. ಇವಳು ಬಂದಾಗ ಆ ಸೂಜಿ ಹಳೆಯದಾಗಿ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಅವಳು ನನ್ನ ಒಪ್ಪಿಗೆ ಪಡೆದು, ಅದೇ ಅಳತೆಯ ಗಾಜಿನ ನಳಿಗೆ ಮಾಡಿಸಿಕೊಂಡಳು. ಅಚ್ಚುಕಟ್ಟಿನ ಕೆಲಸ ಎಂದು ನಾನೇ ಹೊಗಳಿದ್ದೆ.

ಒಂಬತ್ತನೆಯ ತಿಂಗಳಿನಲ್ಲಿ ಅವಳು ನನ್ನ ಕೋಣೆಗೆ ಬಂದು ಕೇಳಿದ್ದಳು: "ಮೇಡಂ, ಹಳೇ ಸೂಜಿ ಬಿಟ್ಟ ಮೇಲೆ ಯಾವತ್ತೂ ಹಸಿರು ಬಂದಿಲ್ಲ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇರಬಹುದಾ?"

ನಾನು ನಕ್ಕೆ. "ಸೂಜಿ ಸಾಗಿಸುತ್ತೆ ಅಮ್ಮಾ, ಹರಳು ಮಾಡೋದಿಲ್ಲ. ಹರಳು ಮಾಡೋದು ಕೈ."

ಅವಳು "ಸರೇ ಮೇಡಂ" ಎಂದು ಹೊರಟುಹೋದಳು.

ಅವಳ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಇನ್ನೊಂದು ವರ್ಷ ಕೊಡಬೇಕೋ ಬೇಡವೋ ಎಂಬುದನ್ನು ಒಂದು ಸಮಿತಿ ನಿರ್ಧರಿಸಬೇಕು. ಕೊಡದಿದ್ದರೆ ಐದು ವರ್ಷದ ಕೆಲಸ ಅಲ್ಲಿಗೇ ಮುಗಿಯುತ್ತದೆ, ಪದವಿ ಇಲ್ಲ. ಸಮಿತಿಯ ಮುಂದೆ ಮುಖ್ಯ ಕಾಗದ ಮಾರ್ಗದರ್ಶಕರ ಗುಪ್ತ ವರದಿ. ನಾನು ಬರೆದುಕೊಟ್ಟದ್ದು ನಾಲ್ಕು ವಾಕ್ಯ. "ವಿಷಯದ ತಿಳುವಳಿಕೆ ಚೆನ್ನಾಗಿದೆ. ಪ್ರಯೋಗಕ್ಕೆ ಬೇಕಾದ ಕೈ ಇಲ್ಲ. ತನ್ನ ವೈಫಲ್ಯವನ್ನು ಸಾಮಗ್ರಿಯ ಮೇಲೆ ಹೊರಿಸುವ ಅಭ್ಯಾಸವಿದೆ. ವಿಸ್ತರಣೆಗೆ ಶಿಫಾರಸು ಮಾಡಲಾರೆ." ಬರೆಯುವಾಗ ಅದು ನಿಜ ಎಂದೇ ನಂಬಿದ್ದೆ. ಓದಿದಾಗ ವಾಕ್ಯಗಳು ಚಿಕ್ಕವಾಗಿ, ಸ್ಪಷ್ಟವಾಗಿ ಇವೆ ಎಂದು ಸಮಾಧಾನವೂ ಆಗಿತ್ತು.

ಸಮಿತಿ ಸೇರುವುದು ಗುರುವಾರವಿತ್ತು. ಅದಕ್ಕೆ ಹಿಂದಿನ ಶುಕ್ರವಾರ ನಾನು ಗಾಜಿನ ಕಾರ್ಯಾಗಾರಕ್ಕೆ ಹೋದೆ. ಕೈಯಲ್ಲಿ ಕುತ್ತಿಗೆ ಬಿರುಕು ಬಿಟ್ಟ ಒಂದು ಸೀಸೆ ಇತ್ತು. ಅದು ನೆಪ. ಸಂಸ್ಥೆಗೆ ಬೇಕಾದ ಗಾಜಿನ ಉಪಕರಣಗಳನ್ನು ಊದಿ ಮಾಡುವವರು ರಾಯಚೂರಿನ ಕಡೆಯವರು. ಇಡೀ ಕಟ್ಟಡದಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ತಿಂಗಳಿಗೊಮ್ಮೆ ಏನಾದರೂ ಒಡೆದುಕೊಂಡು ಹೋಗುತ್ತಿದ್ದೆ.

"ಬರ್ರಿ ಮೇಡಂರಿ, ಭಾಳ ದಿನಾ ಆತು. ಇವತ್ತ ಏನ್ ಒಡದ್ರಿ?"

"ಒಡದಿಲ್ಲರಿ. ಕುತ್ತಿಗಿ ಸೀಳೇತಿ ಅಷ್ಟ."

"ಅದಕ್ಕ ನಮ್ಮ ಕಡೆ ಒಡಿಯೂದು ಅಂತಾರ್ರಿ." ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. "ಮತ್ತ, ನಿಮ್ಮ ಹುಡುಗಿಗೆ ಗಾಜಿನ ನಳಿಗಿ ಮಾಡಿಕೊಟ್ಟಿದ್ನಲ್ಲಾ, ಚಲೋ ನಡದೈತೇನ್ರಿ?"

"ನಳಿಗಿ ನಡದೈತಿ. ಹುಡುಗಿ ನಡದಿಲ್ಲ."

ಅವರು ನಗಲಿಲ್ಲ. "ಹಂಗ ಅನಬ್ಯಾಡ್ರಿ. ಅಳತಿಗಿ ಅಂತ ಹಳೇ ಸೂಜಿ ತಂದುಕೊಟ್ಟಿದ್ಲು. ತೊಳದು, ಒರಸಿ, ಕಾಗದದಾಗ ಸುತ್ತಿ ತಂದಿದ್ಲರಿ. ನಲವತ್ತು ಮಂದಿ ಸಾಮಾನ ತರ್ತಾರ ಇಲ್ಲಿ, ಅರ್ಧಾ ಮಂದಿ ಆ್ಯಸಿಡ್ ಹನಿ ಸಮೇತ ತರ್ತಾರ. ಅಂಥಾಕಿ ಕೈ ಕೆಟ್ಟಿರಂಗಿಲ್ಲ ಬಿಡ್ರಿ."

ಮೇಜಿನ ಖಾನೆ ಎಳೆದು ಆ ಸೂಜಿ ತೆಗೆದು ನನ್ನ ಮುಂದಿಟ್ಟರು. "ಇದನ್ನ ಒಯ್ರಿ ನೀವ. ಗುಜರಿಯವನೂ ಮುಟ್ಟಂಗಿಲ್ಲ. ತುದಿ ನೋಡ್ರಿ ಅದರದು, ಇಲಿ ಕಡದಂಗ ಆಗೇತಿ."

ಅವರ ಭೂತಗನ್ನಡಿ ಕೇಳಿ ಪಡೆದು ನೋಡಿದೆ. ದ್ರಾವಣದಲ್ಲಿ ಮುಳುಗಿರುತ್ತಿದ್ದ ಬೆರಳಿನಷ್ಟು ಭಾಗ ಗುಳಿ ಗುಳಿಯಾಗಿ ಸವೆದಿತ್ತು. ಮೇಲಿನ ಭಾಗ ನುಣ್ಣಗಿತ್ತು.

"ಯಾವಾಗಿಂದ ಹಿಂಗೈತ್ರಿ ಇದು?"

"ನನ್ನ ಕಡೆ ಬಂದಾಗ ಹಿಂಗ ಇತ್ತರಿ. ಕಬ್ಬಿಣ ನಿಮ್ದು, ಆ್ಯಸಿಡ್ ನಿಮ್ದು, ನನಗ ಕೇಳಿದ್ರ? ನಾ ಗಾಜಿನಂವ. ಗಾಜು ಏನೂ ಬಿಡಂಗಿಲ್ಲ, ಏನೂ ತಗೊಳ್ಳಂಗಿಲ್ಲ."

ನಾನು ಚಹಾ ಕುಡಿಯದೆ ಎದ್ದದ್ದು ಅವರಿಗೆ ವಿಚಿತ್ರವೆನಿಸಿರಬೇಕು. "ಸಿಟ್ಟಾದ್ರೇನ್ರಿ?" ಎಂದು ಹಿಂದಿನಿಂದ ಕೇಳಿದರು. ಇಲ್ಲ ಎಂದೆ.

ನನ್ನ ದ್ರಾವಣದಲ್ಲಿ ಆಮ್ಲವಿತ್ತು. ಆಮ್ಲ ಉಕ್ಕನ್ನು ತಿನ್ನುತ್ತದೆ. ಉಕ್ಕೆಂದರೆ ಮುಖ್ಯವಾಗಿ ಕಬ್ಬಿಣ. ಕಬ್ಬಿಣದಲ್ಲಿ ಇಪ್ಪತ್ತಾರು ಎಲೆಕ್ಟ್ರಾನು, ಕೋಬಾಲ್ಟ್‌ನಲ್ಲಿ ಇಪ್ಪತ್ತೇಳು. ಎಕ್ಸ್-ಕಿರಣದ ಯಂತ್ರ ನೋಡುವುದು ಎಲೆಕ್ಟ್ರಾನುಗಳನ್ನೇ. ಅಕ್ಕಪಕ್ಕದ ಈ ಎರಡು ಲೋಹಗಳನ್ನು ಅದು ಸುಲಭಕ್ಕೆ ಬೇರೆ ಮಾಡಲಾರದು. ನಡುವೆ ಇರುವುದು ಯಾವ ಲೋಹ ಎಂದು ಯಂತ್ರ ಹೇಳುವುದಿಲ್ಲ, ನಾವು ಹೇಳುತ್ತೇವೆ. ನಾನು ಕೋಬಾಲ್ಟ್ ಎಂದಿದ್ದೆ, ಸೀಸೆಗೆ ಹಾಕಿದ್ದು ಕೋಬಾಲ್ಟ್ ಆದ್ದರಿಂದ.

ಹಳೆಯ ಹಸಿರು ಹರಳುಗಳಲ್ಲಿ ಏಳು ನನ್ನ ಕಪಾಟಿನಲ್ಲಿ ಉಳಿದಿದ್ದವು. ಒಂದನ್ನು ಆಮ್ಲದಲ್ಲಿ ಬಿಸಿಮಾಡಿ ಕರಗಿಸಿ, ತಣಿಸಿ, ಒಂದು ಹನಿ ಥಯೋಸಯನೇಟ್ ಹಾಕಿದೆ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಮಾಡಿಸುವ ಪರೀಕ್ಷೆ ಅದು. ಕಬ್ಬಿಣವಿದ್ದರೆ ರಕ್ತದಂಥ ಕೆಂಪು. ಕೆಂಪಾಯಿತು. ಇನ್ನೊಂದು ಹರಳು ತೆಗೆದುಕೊಂಡೆ. ಅದೂ ಕೆಂಪಾಯಿತು. ಮೂರನೆಯದನ್ನು ಮುಟ್ಟಲಿಲ್ಲ. ಮಧ್ಯಾಹ್ನ ಮೂರೂವರೆ ಗಂಟೆ. ಪಕ್ಕದ ಮೇಜಿನಲ್ಲಿ ಅವಳು ಬೆನ್ನು ಹಾಕಿ ನಿಂತು ನಲವತ್ತೆರಡನೆಯ ಪ್ರಯತ್ನಕ್ಕೆ ಗಾಜು ತೊಳೆಯುತ್ತಿದ್ದಳು. ನಾನು ಪರೀಕ್ಷಾ ನಳಿಕೆಯನ್ನು ತೊಳೆದಿಟ್ಟು ಮನೆಗೆ ಹೊರಟೆ.

ಶನಿವಾರ, ಭಾನುವಾರ ಯಾರಿಗೂ ಹೇಳಲಿಲ್ಲ. ಇದನ್ನೂ ದಾಖಲಿಸಬೇಕು. ನಾನು ಸುಮ್ಮನಿದ್ದರೆ ಏನಾಗುತ್ತದೆ ಎಂಬುದು ನನಗೆ ಸ್ಪಷ್ಟವಾಗಿತ್ತು. ಗುರುವಾರ ಸಮಿತಿ ನನ್ನ ವರದಿ ಓದುತ್ತದೆ. ಅವಳು ಹೋಗುತ್ತಾಳೆ. ಉಕ್ಕಿನ ಸೂಜಿಗಳನ್ನು ಈಗ ಯಾರೂ ಹಾಗೆ ಬಳಸುವುದಿಲ್ಲ. ಹಸಿರು ಹರಳು ಮತ್ತೆ ಯಾರಿಗೂ ಬರುವುದಿಲ್ಲ. ಬಾರದ ಹರಳನ್ನು ಬೇರೆ ಊರಿನವರು ತಮ್ಮ ಕೈಯ ದೋಷ ಎಂದುಕೊಳ್ಳುತ್ತಾರೆ. ನನಗೆ ನಿವೃತ್ತಿಗೆ ನಾಲ್ಕು ವರ್ಷವಿತ್ತು. ಪ್ರಬಂಧ ಅಷ್ಟು ದಿನ ನಿಲ್ಲುತ್ತಿತ್ತು.

ಭಾನುವಾರ ಫೋನ್ ತೆಗೆದು ನೋಡಿದೆ. ಕನ್ನಡದಲ್ಲಿ ಮಾತಾಡಬಹುದಾದ ಹೆಸರುಗಳು ಆರು. ಅವರಿಗೆ ಕೋಬಾಲ್ಟ್ ಏನೆಂದು ಗೊತ್ತಿಲ್ಲ. ಗೊತ್ತಿದ್ದವರಿಗೆ ಫೋನ್ ಮಾಡುವ ಧೈರ್ಯವಾಗಲಿಲ್ಲ. ಕೆಳಗಿನ ಅಂಗಡಿಗೆ ಇಳಿದು ಕೊತ್ತಂಬರಿ ಕೊಂಡು ಬಂದೆ. ಅಂಗಡಿಯವಳು "ಇಂಕೇಮಿ ಕಾವಾಲಿ?" ಎಂದಳು, ಇನ್ನೇನು ಬೇಕು ಎಂದು. ಏನೂ ಬೇಡ ಎಂದೆ. ಆ ದಿನ ನಾನು ಮಾತಾಡಿದ್ದು ಅಷ್ಟೆ.

ಸೋಮವಾರ ಬೆಳಿಗ್ಗೆ ಅವಳನ್ನು ಕೋಣೆಗೆ ಕರೆದು ಸೂಜಿಯನ್ನು ಮೇಜಿನ ಮೇಲಿಟ್ಟೆ. ಅವಳ ಮುಂದೆಯೇ ಮೂರನೆಯ ಹರಳನ್ನು ಕರಗಿಸಿ ಹನಿ ಹಾಕಿದೆ. ಬಣ್ಣ ಬಂದಾಗ ಅವಳು ಕುರ್ಚಿಯ ಅಂಚಿಗೆ ಸರಿದಳು.

"ಐರನ್?"

"ಐರನ್."

"ಎಲ್ಲವೂ?"

"ಮೂರು ಕರಗಿಸಿದೆ. ಮೂರೂ."

ಅವಳು ನಳಿಕೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅವಳು ಅಳಬಹುದು, ಅಥವಾ ಕೂಗಾಡಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಮೇಡಂ, ಮನೆಯಲ್ಲಿ ಹಾಲು ಉಕ್ಕಿದರೂ ನನ್ನ ಗಂಡ ಹೇಳ್ತಾ ಇದ್ದ, ‘ನಿನ್ನ ಕೈ ವಿಷಯದಲ್ಲಿ ನಿಮ್ಮ ಮೇಡಂ ಕರೆಕ್ಟೇ’ ಅಂತ. ತಮಾಷೆಗೆ. ನಾನೂ ನಗ್ತಾ ಇದ್ದೆ. ಆಮೇಲೆ ಮಗಳಿಗೆ ಜಡೆ ಹಾಕುವಾಗಲೂ ನನ್ನ ಕೈ ನೋಡ್ಕೊಳ್ಳೋದು ಅಭ್ಯಾಸ ಆಯ್ತು."

ನಾನು ನಳಿಕೆಯನ್ನು ಪಡೆದು ಸ್ಟ್ಯಾಂಡಿನಲ್ಲಿಟ್ಟೆ.

"ಕಮಿಟಿಗೆ ಏನು ಬರೆದಿದ್ದೀರಿ?"

"ಬದಲಾಯಿಸ್ತೀನಿ. ಇವತ್ತೇ."

"ಏನು ಬರೆದಿದ್ದೀರಿ ಅಂತ ಕೇಳಿದೆ ಮೇಡಂ."

"ಚೆನ್ನಾಗಿ ಬರೆದಿಲ್ಲ" ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕಚೇರಿಯ ಅಧೀಕ್ಷಕರು ಹಳೇ ಶಹರದವರು. ಕಡತಗಳ ನಡುವೆಯೇ ಕೂದಲು ಬೆಳ್ಳಗಾದವರು. ಮೊದಲಿನ ವರದಿ ತೆಗೆದು ಇದನ್ನು ಇಡಿ ಎಂದು ಹೊಸ ಹಾಳೆ ಕೊಟ್ಟೆ.

"ನಿಕಾಲ್ನಾ ನೈ ಹೋತಾ ಮೇಡಂ" ಎಂದರು. "ಕಾಗಜ್ ಫೈಲ್ ಮೇ ಘುಸಾ, ಬಸ್ ಘುಸಾ. ಉಪರ್ ದೂಸ್ರಾ ಲಗಾಲೋ."

ಒಳಹೋದ ಕಾಗದ ಹೊರಬರುವುದಿಲ್ಲ. ಬೇಕಾದರೆ ಅದರ ಮೇಲೆ ಇನ್ನೊಂದು ಇಡಬಹುದು. ಅಷ್ಟೇ ಅಲ್ಲ. ವರದಿ ಬದಲಾದರೆ ವಿದ್ಯಾರ್ಥಿಗೆ ಎರಡನ್ನೂ ತೋರಿಸಿ, ನೋಡಿದ್ದೇನೆ ಎಂದು ಸಹಿ ಹಾಕಿಸಬೇಕು. ಬದಲಿಸದಿದ್ದರೆ ಗುಪ್ತ ವರದಿ ಗುಪ್ತವಾಗಿಯೇ ಇರುತ್ತಿತ್ತು. ಈ ನಿಯಮ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಒಂದು ವರದಿಯನ್ನೂ ಬದಲಿಸಿರಲಿಲ್ಲ.

ಮಂಗಳವಾರ ಅವಳು ಅಧೀಕ್ಷಕರ ಮೇಜಿನ ಮುಂದೆ ನಿಂತು ಓದಿದಳು. ನಾನು ಪಕ್ಕದಲ್ಲಿದ್ದೆ. ಮೇಲಿದ್ದ ಹೊಸ ಹಾಳೆಯನ್ನು ಮೊದಲು ಓದಿದಳು. ಮೂಲ ಪ್ರಯೋಗವೇ ತಪ್ಪಾಗಿತ್ತು, ಆ ತಪ್ಪು ನನ್ನದು, ವಿದ್ಯಾರ್ಥಿನಿಯ ನಲವತ್ತೊಂದು ಫಲಿತಾಂಶಗಳೂ ಸರಿ, ವಿಸ್ತರಣೆಗೆ ಬಲವಾಗಿ ಶಿಫಾರಸು ಮಾಡುತ್ತೇನೆ ಎಂದು ಅದರಲ್ಲಿತ್ತು. ಅದನ್ನು ಮಗುಚಿ ಕೆಳಗಿನದನ್ನು ಓದಿದಳು. ನಾಲ್ಕು ವಾಕ್ಯಗಳಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"‘ವೈಫಲ್ಯವನ್ನು ಸಾಮಗ್ರಿಯ ಮೇಲೆ ಹೊರಿಸುವ ಅಭ್ಯಾಸ.’ ಇದು ಸೂಜಿ ಬಗ್ಗೆ ಕೇಳಿದ್ದಕ್ಕಾ ಮೇಡಂ?"

"ಹೌದು."

"ಒಂದೇ ಸಲ ಕೇಳಿದ್ದು."

"ಹೌದು."

"ಅಭ್ಯಾಸ ಅಂತ ಬರೆದಿದ್ದೀರಿ."

ಅಧೀಕ್ಷಕರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸತೊಡಗಿದರು. ಅವಳು ಎರಡು ಕಡೆ ಸಹಿ ಹಾಕಿ, ತಾರೀಖು ಬರೆದು, ಪೆನ್ನಿನ ಮುಚ್ಚಳ ಹಾಕಿ ಅವರಿಗೆ ಕೊಟ್ಟಳು. "ಥ್ಯಾಂಕ್ಯೂ ಸರ್" ಎಂದದ್ದು ಅವರಿಗೆ.

ಗುರುವಾರ ಸಮಿತಿ ಒಂದು ವರ್ಷ ಕೊಟ್ಟಿತು. ಮರುವಾರ ಅವಳು ಮಾರ್ಗದರ್ಶಕರನ್ನು ಬದಲಿಸಿಕೊಡಬೇಕೆಂದು ಅರ್ಜಿ ಹಾಕಿದಳು. ಕಾರಣದ ಜಾಗದಲ್ಲಿ "ವಿಷಯದ ಹಿತದೃಷ್ಟಿಯಿಂದ" ಎಂದಿತ್ತು. ನನ್ನ ಪ್ರಬಂಧವನ್ನೇ ತಪ್ಪೆಂದು ತೋರಿಸುವ ಅಧ್ಯಾಯಕ್ಕೆ ನಾನೇ ಮಾರ್ಗದರ್ಶಕಿಯಾಗುವುದು ಸರಿಯಲ್ಲ; ಅವಳು ಕೊಟ್ಟ ಕಾರಣ ಸುಳ್ಳಾಗಿರಲಿಲ್ಲ. ನಾನು ಒಪ್ಪಿಗೆಯ ಸಹಿ ಹಾಕಿದೆ. ಅವಳು ನೋಟ್‌ಬುಕ್ಕುಗಳನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಕೆಳಗಿನ ಮಹಡಿಗೆ ಹೋದಳು. ಉಳಿದ ನಾಲ್ಕು ಹರಳುಗಳನ್ನೂ ಸೂಜಿಯನ್ನೂ ಅವಳಿಗೇ ಕೊಟ್ಟೆ. ಪಡೆದುದಕ್ಕೆ ರಸೀದಿ ಬರೆದುಕೊಟ್ಟಳು. ನಾನು ಕೇಳಿರಲಿಲ್ಲ.

ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಪತ್ರಿಕೆಗೆ ಬರೆದೆ. ಸಂಪಾದಕರು ಎಂಟು ತಿಂಗಳ ನಂತರ ಅದನ್ನು ಒಂದು ಕಂಡಿಕೆಯಲ್ಲಿ ಪ್ರಕಟಿಸಿದರು. ಕ್ಯಾಂಟೀನಿನಲ್ಲಿ ಕೆಲದಿನ ನನಗೆ "ಇನುಮು ಮೇಡಂ" ಎಂಬ ಹೆಸರಿತ್ತು, ಕಬ್ಬಿಣದ ಮೇಡಂ. ಗಾಜಿನವರು ಅದನ್ನು ಕೇಳಿಸಿಕೊಂಡು ಬಂದು ಹೇಳಿದರು. "ಚಲೋ ಹೆಸರ ಇಟ್ಟಾರ ಬಿಡ್ರಿ. ಕೋಬಾಲ್ಟ್ ಅಂದ್ರ ಬಾಯಾಗ ನಿಂದರಂಗಿಲ್ಲ." ನಕ್ಕೆವು. ಆ ವರ್ಷದ ಕೊನೆಗೆ ಅವರು ನಿವೃತ್ತರಾಗಿ ಊರಿಗೆ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ; ಗಾಜಿನ ಸಾಮಾನು ಈಗ ಹೊರಗಿನಿಂದ ಪೆಟ್ಟಿಗೆಯಲ್ಲಿ ಬರುತ್ತದೆ. ಹೊಸ ವಿದ್ಯಾರ್ಥಿಗಳು ನನ್ನನ್ನು ಆರಿಸಿಕೊಳ್ಳಲಿಲ್ಲ. ಪ್ರಯೋಗಾಲಯದ ನಾಲ್ಕು ಮೇಜುಗಳಲ್ಲಿ ಒಂದನ್ನು ಮಾತ್ರ ನಾನು ಒರೆಸುತ್ತಿದ್ದೆ.

ಅವಳ ಅಧ್ಯಾಯಕ್ಕೆ ಬೇಕಾದ ವಿವರಗಳನ್ನು ಹೊಸ ಮಾರ್ಗದರ್ಶಕರ ಮೂಲಕ ಮೇಲ್‌ನಲ್ಲಿ ಕೇಳಿದಳು. ಸೂಜಿ ಎಷ್ಟು ಗಂಟೆ ಮುಳುಗಿರುತ್ತಿತ್ತು, ಆಮ್ಲ ಎಷ್ಟು, ಉಳಿದ ಪರೀಕ್ಷೆಗಳನ್ನು ಹರಳಿನ ಮೇಲೆ ಯಾಕೆ ಮಾಡಲಿಲ್ಲ. ಒಂದೊಂದಕ್ಕೂ ಉತ್ತರ ಬರೆದೆ. ಕೊನೆಯ ಪ್ರಶ್ನೆಗೆ, "ಹರಳುಗಳು ಕಡಿಮೆ ಇದ್ದವು, ಹಾಳುಮಾಡಲು ಮನಸ್ಸಾಗಲಿಲ್ಲ" ಎಂದು ಬರೆದೆ. ಅದೇ ನಿಜವಾದ ಕಾರಣ. "ತಲುಪಿತು, ಧನ್ಯವಾದ" ಎಂದು ಉತ್ತರ ಬಂತು.

ಅವಳ ಅಂತಿಮ ಮೌಖಿಕ ಪರೀಕ್ಷೆ ಎಲ್ಲರೂ ಬಂದು ಕೇಳಬಹುದಾದದ್ದು. ನಾನು ಹಿಂದಿನ ಸಾಲಿನಲ್ಲಿ ಬಾಗಿಲ ಬಳಿ ಕುಳಿತೆ. ಅವಳು ಕಬ್ಬಿಣದ ಉಪ್ಪಿನಿಂದಲೇ ನೇರವಾಗಿ ಹಸಿರು ಹರಳನ್ನು ಮಾಡಿ ತೋರಿಸಿದ್ದಳು. ನಾಲ್ಕು ದಿನ ಸಾಕಾಗಿತ್ತಂತೆ. ಸೂಜಿಯ ತುದಿಯ ಚಿತ್ರ ಪರದೆಯ ಮೇಲೆ ಬಂದಾಗ ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವಳು ನಗು ನಿಲ್ಲುವವರೆಗೆ ಕಾದು ಮುಂದುವರಿದಳು.

ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕರು ವಯಸ್ಸಾದವರು, ಮುಚ್ಚುಮರೆ ಇಲ್ಲದ ಮಾತಿನವರು. ನಾನು ಅಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ. "ಹಾಗಾದರೆ ಮೊದಲು ಇದನ್ನು ಮಾಡಿದವರು ಕೆಲಸದಲ್ಲಿ ಅಜಾಗರೂಕರು ಎಂದು ದಾಖಲಿಸಬಹುದೇ?" ಎಂದು ಕೇಳಿದರು.

ಅವಳಿಗೆ ನಾನು ಕಾಣುತ್ತಿದ್ದೆ. ಆದರೆ ಈ ಕಡೆ ನೋಡಲಿಲ್ಲ.

"ಇಲ್ಲ ಸರ್. ಹಾಗೆ ಬರೆಯಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಅವರ ನೋಟ್‌ಬುಕ್ ಪೂರ್ತಿ ನೋಡಿದ್ದೇನೆ. ಅಳತೆಗಳೆಲ್ಲ ಸರಿ ಇವೆ. ಹರಳಿಗೂ ಪುಡಿಗೂ ಒಂದೇ ಪರೀಕ್ಷೆ ಮಾಡಲಿಲ್ಲ. ಅಷ್ಟು ಮಾತ್ರ ಬರೆದಿದ್ದೇನೆ."

ಪರೀಕ್ಷಕರು ತಲೆಯಾಡಿಸಿ, ಪುಟ ತಿರುಗಿಸಿ, ಮುಂದಿನ ಪ್ರಶ್ನೆಗೆ ಹೋದರು. ಅವಳಿಗೆ ಪದವಿ ಸಿಕ್ಕಿತು ಎಂದು ಘೋಷಿಸಿದಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಹೊರಗೆ ಚಹಾ, ಸಮೋಸ ಇಟ್ಟಿದ್ದರು. ಅವಳ ಗಂಡ ಮಗಳನ್ನು ಎತ್ತಿಕೊಂಡು ನಿಂತಿದ್ದ. ನಾನು ಹತ್ತಿರ ಹೋಗಿ ಅಭಿನಂದನೆ ಹೇಳಿದೆ. ಅವಳು "ಥ್ಯಾಂಕ್ಯೂ ಮೇಡಂ" ಎಂದಳು, ಮಗಳಿಗೆ "ನಮಸ್ತೆ ಚೆಪ್ಪು" ಎಂದಳು. ಮಗು ನಮಸ್ತೆ ಹೇಳಿತು. ಅಷ್ಟರಲ್ಲಿ ಬೇರೆಯವರು ಕೈಕುಲುಕಲು ಬಂದರು, ನಾನು ಪಕ್ಕಕ್ಕೆ ಸರಿದೆ.

ನಾವು ಮಾತಾಡಿದ್ದು ಅದೇ ಕೊನೆ.